ಕರಡು ಗೆರೆಯಿಂದ ಬಣ್ಣದ ಪುಟಕ್ಕೆ: ಕಾಮಿಕ್ಸ್ ಪಾತ್ರವೊಂದು ರೂಪುಗೊಳ್ಳುವ ಕ್ರಮ

ಕಾಮಿಕ್ಸ್ ಪಾತ್ರ ಒಂದೇ ಸಲ ಬರೆದು ಮುಗಿಸುವ ಚಿತ್ರವಲ್ಲ. ಪುಟಕ್ಕೆ ಐದಾರು ಚೌಕಗಳಂತೆ ಇಪ್ಪತ್ತು ಪುಟಗಳ ಕಥೆ ಎಂದರೆ ಅದೇ ಮುಖ ನೂರು ಸಲ ಬರಬೇಕು. ಓಡಿದರೂ ಅತ್ತರೂ, ಬೆನ್ನು ತಿರುಗಿಸಿ ನಿಂತರೂ, ದೂರದಲ್ಲಿ ಬೆರಳುದ್ದ ಕಂಡರೂ ಓದುಗರು ಅದನ್ನು ತಕ್ಷಣ ಗುರುತು ಹಿಡಿಯಬೇಕು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ಇದಕ್ಕೆ ಒಳ್ಳೆಯ ನಿದರ್ಶನ: ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳುತಲೆಯ ಎರಡೂ ಬದಿಗೆ ಕೆದರಿದ ಕೂದಲು. ಇವುಗಳಲ್ಲಿ ಯಾವುದೂ ಬರಿಯ ಅಲಂಕಾರಕ್ಕೆ ಬಂದದ್ದಲ್ಲ. ಒಂದೊಂದೂ ಗುರುತಿಗೆಂದೇ ನಿಂತದ್ದು. ಪಾತ್ರವನ್ನು ಮತ್ತೆ ಮತ್ತೆ ಬರೆಯಲು ಬರುವಂತಿರಬೇಕು, ಬರೆದಷ್ಟು ಸಲವೂ ಅದು ಅದೇ ಆಗಿ ಕಾಣಬೇಕು. ಡಿಜಿಟಲ್ ಚಿತ್ರರಚನೆಯ ಹಂತಗಳೆಲ್ಲ ಈ ಎರಡು ಬೇಡಿಕೆಗಳ ಸುತ್ತಲೇ ಬೆಳೆದಿವೆ.

ಕಾಗದದ ಕಾಲದಲ್ಲಿ ಈ ಕೆಲಸ ಕೈಯಿಂದ ಕೈಗೆ ಸಾಗುತ್ತಿತ್ತು. ಅಮೆರಿಕದ ಕಾಮಿಕ್ಸ್ ಪ್ರಕಾಶನ ಸಂಸ್ಥೆಗಳಲ್ಲಿ ಪೆನ್ಸಿಲ್ ಕರಡು ಒಬ್ಬರದು, ಮಸಿಯ ಗೆರೆ ಇನ್ನೊಬ್ಬರದು, ಬಣ್ಣ ಮತ್ತೊಬ್ಬರದು, ಅಕ್ಷರ ಮಗದೊಬ್ಬರದು. ಕರಡಿಗೆ ತಿಳಿನೀಲಿ ಪೆನ್ಸಿಲ್ ಬಳಸುವ ರೂಢಿಯಿತ್ತು. ಮುದ್ರಣದ ಪ್ಲೇಟಿಗಾಗಿ ತೆಗೆಯುವ ಫಿಲ್ಮಿನಲ್ಲಿ ಆ ನೀಲಿ ಮೂಡುತ್ತಿರಲಿಲ್ಲ, ಹಾಗಾಗಿ ಅಳಿಸುವ ಶ್ರಮ ತಪ್ಪುತ್ತಿತ್ತು. 1985ರಲ್ಲಿ ಪೀಟರ್ ಗಿಲ್ಲಿಸ್ ಕಥೆ ಬರೆದು ಮೈಕ್ ಸೇನ್ಜ್ ಚಿತ್ರಿಸಿದ ‘ಶ್ಯಾಟರ್’ ಕಾಮಿಕ್ಸ್ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಬರೆದದ್ದು. ಬಣ್ಣವನ್ನು ಮಾತ್ರ ಆಮೇಲೆ ಕೈಯಿಂದಲೇ ಹಾಕಬೇಕಾಯಿತು. 1994ರಲ್ಲಿ ಫೋಟೋಶಾಪ್‌ನ ಮೂರನೇ ಆವೃತ್ತಿ ಲೇಯರ್‌ಗಳನ್ನು ತಂದಿತು. ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಪದರ. ಕರಡು, ಮಸಿ, ಬಣ್ಣ, ನೆರಳು, ಮಾತು ಎಲ್ಲವೂ ಬೇರೆ ಬೇರೆ ಪದರಗಳಲ್ಲಿ ಕೂರುವುದರಿಂದ ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದಿಲ್ಲ. ನಾಲ್ಕು ಜನರ ನಡುವೆ ಹಂಚಿದ್ದ ಕೆಲಸ ಹೀಗೆ ಒಂದೇ ಫೈಲಿನೊಳಗೆ ಬಂತು, ಆದರೆ ಅದರ ಕ್ರಮ ಬದಲಾಗಲಿಲ್ಲ. ಪರದೆಯ ಮೇಲಿನ ಕರಡನ್ನು ಇಂದಿಗೂ ಅನೇಕ ಕಲಾವಿದರು ನೀಲಿಯಲ್ಲೇ ಬರೆಯುತ್ತಾರೆ.

ಹಲಗೆ, ಪೆನ್ನು, ಹಾಳೆ

ಪೆನ್ ಟ್ಯಾಬ್ಲೆಟ್‌ಗಳಲ್ಲಿ ಎರಡು ಬಗೆ. ಪರದೆ ಇಲ್ಲದ ಹಲಗೆಯ ಮೇಲೆ ಬರೆಯುತ್ತಾ ಎದುರಿನ ಮಾನಿಟರ್ ನೋಡುವುದು ಒಂದು. ಪರದೆಯ ಮೇಲೆಯೇ ನೇರವಾಗಿ ಬರೆಯುವುದು ಇನ್ನೊಂದು. ಮೊದಲನೆಯದು ಅಗ್ಗ, ಆದರೆ ಕೈ ಒಂದು ಕಡೆ ಕಣ್ಣು ಒಂದು ಕಡೆ ಇರುವುದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ ಬೇಕು. ಜಪಾನಿನ ವಾಕಾಮ್ ಕಂಪನಿಯ ಪೆನ್ನುಗಳಿಗೆ ಬ್ಯಾಟರಿ ಬೇಡ. ಹಲಗೆಯೊಳಗಿನ ತಂತಿಜಾಲ ಹೊಮ್ಮಿಸುವ ವಿದ್ಯುತ್ಕಾಂತ ಕ್ಷೇತ್ರವೇ ಪೆನ್ನಿನೊಳಗಿನ ಸುರುಳಿಗೆ ಶಕ್ತಿ ಒದಗಿಸುತ್ತದೆ. ಈಗಿನ ಒಳ್ಳೆಯ ಪೆನ್ನುಗಳು ಒತ್ತಡದ 8192 ಮಟ್ಟಗಳನ್ನು ಗುರುತಿಸುತ್ತವೆ. ಹಗುರವಾಗಿ ಒತ್ತಿದರೆ ಎಳೆಯಂಥ ಗೆರೆ, ಬಲವಾಗಿ ಒತ್ತಿದರೆ ದಪ್ಪ ಗೆರೆ ಮೂಡುವುದು ಇದರಿಂದಲೇ.

ತಂತ್ರಾಂಶಗಳಲ್ಲಿ ಕಾಮಿಕ್ಸ್ ಕಲಾವಿದರು ಹೆಚ್ಚಾಗಿ ಬಳಸುವುದು ಜಪಾನಿನ ಸೆಲ್ಸಿಸ್ ಕಂಪನಿಯ ಕ್ಲಿಪ್ ಸ್ಟುಡಿಯೋ ಪೇಂಟ್, ಐಪ್ಯಾಡ್‌ಗೆಂದು ರೂಪಿಸಿದ ಪ್ರೊಕ್ರಿಯೇಟ್, ಮತ್ತು ಫೋಟೋಶಾಪ್. ದುಡ್ಡು ಕೊಡದೆ ಬಳಸಬಹುದಾದ ಕ್ರಿಟಾ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಪುಸ್ತಕ ಮಟ್ಟದ ಕೆಲಸಕ್ಕೂ ಸಾಕಾಗುವ ಕಾರಣ ಕಲಿಯುವವರು ಇದರಿಂದಲೇ ಶುರುಮಾಡಬಹುದು.

ಹಾಳೆಯ ಅಳತೆಯನ್ನು ಮೊದಲೇ ಸರಿಯಾಗಿ ಇಡಬೇಕು. ಎ4 ಪುಟಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಎಂದರೆ 2480 x 3508 ಪಿಕ್ಸೆಲ್. 600 ಡಿಪಿಐ ಎಂದರೆ 4960 x 7016. ಬಣ್ಣದ ಪುಟಕ್ಕೆ 300 ಸಾಕು. ಬರೀ ಕಪ್ಪು ಗೆರೆಯ ಚಿತ್ರ ಅಚ್ಚಾಗಬೇಕಿದ್ದರೆ 600 ಲೇಸು, ಏಕೆಂದರೆ ಬಿಳಿಯ ಮೇಲಿನ ಕಪ್ಪು ಗೆರೆಯ ಅಂಚಿನಲ್ಲಿ ಮೆಟ್ಟಿಲುಗಳು ಬೇಗ ಎದ್ದು ಕಾಣುತ್ತವೆ. ಸಣ್ಣ ಹಾಳೆಯಲ್ಲಿ ಬರೆದು ಕೊನೆಗೆ ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. ದೊಡ್ಡದರಲ್ಲಿ ಬರೆದು ಕುಗ್ಗಿಸಿದರೆ ಅಂಥ ನಷ್ಟವಿಲ್ಲ.

ಪಾತ್ರ ಯಾರು?

ಗೆರೆ ಎಳೆಯುವ ಮುಂಚೆ ಪಾತ್ರ ಯಾರೆಂದು ತಿಳಿದಿರಬೇಕು. ವಯಸ್ಸು, ಊರು, ಕೆಲಸ, ಅದಕ್ಕೆ ಏನು ಬೇಕು, ಯಾವುದರ ಭಯ ಇವೆಲ್ಲ ನಾಲ್ಕು ಸಾಲಿನಲ್ಲಿ ಬರೆದಿಟ್ಟರೆ ಸಾಕು. ಉದಾಹರಣೆಗೆ, ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹತ್ತು ವರ್ಷದ ಹಳ್ಳಿ ಹುಡುಗಿ ಎಂದಿಟ್ಟುಕೊಳ್ಳಬಹುದು. ಸೀಟು ಎಟುಕದ ಕಾರಣ ಅವಳು ಅಡ್ಡಬಾರಿನ ಕೆಳಗಿನಿಂದ ಕಾಲು ತೂರಿಸಿ ಪೆಡಲ್ ತುಳಿಯುತ್ತಾಳೆ. ಎರಡು ಜಡೆ ಮಡಿಸಿ ರಿಬ್ಬನ್ ಕಟ್ಟಿದ್ದಾರೆ. ಬೆನ್ನಿಗೆ ಚೀಲ. ಹಟಮಾರಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆ ಸೈಕಲ್ಲೇ ಹೇಳುತ್ತದೆ.

ಬರೆಯುವ ಮುಂಚೆ ನೋಡಬೇಕಾದ್ದು ನಿಜದ ವಸ್ತುಗಳನ್ನು. ಹಳೆಯ ಸೈಕಲ್ಲಿನ ಬ್ರೇಕು ತಂತಿಯದಲ್ಲ, ಕಡ್ಡಿಯದು; ಹಿಂದೆ ಕ್ಯಾರಿಯರ್ ಇದೆ, ಚೈನಿಗೆ ಕವಚ ಇದೆ. ನೆನಪಿನಿಂದ ಬರೆದ ಸೈಕಲ್ಲಿನಲ್ಲಿ ಇವು ತಪ್ಪಿಹೋಗುತ್ತವೆ. ಹಾಗಾಗಿ ಫೋಟೋಗಳನ್ನು, ಸಾಧ್ಯವಾದರೆ ನಿಜವಾದ ಸೈಕಲ್ಲನ್ನೇ ನೋಡಿ ಬರೆದ ಸಣ್ಣ ಚಿತ್ರಗಳನ್ನು ಒಂದು ಹಾಳೆಯಲ್ಲಿ ಕೂಡಿಸಿ ಪಕ್ಕಕ್ಕೆ ತೆರೆದಿಟ್ಟುಕೊಳ್ಳುವುದು ವಾಡಿಕೆ.

ಮುಂದಿನದು ನೆರಳಾಕೃತಿ. ದಪ್ಪ ಕುಂಚದಿಂದ ಹೆಬ್ಬೆರಳು ಗಾತ್ರದ ಹತ್ತಾರು ಕಪ್ಪು ಆಕಾರಗಳನ್ನು ಬರೆಯಬೇಕು. ಕಣ್ಣು, ಮೂಗು, ಬಟ್ಟೆಯ ವಿವರ ಯಾವುದೂ ಬೇಡ. ಯಾವ ಆಕಾರ ಕಪ್ಪಿನಲ್ಲೇ ಗುರುತಾಗುತ್ತದೋ ಅದನ್ನು ಇಟ್ಟುಕೊಳ್ಳಬೇಕು. 1929ರಲ್ಲಿ ಕಾಮಿಕ್ಸ್ ಕಲಾವಿದ ಹೆರ್ಜೆ ಬರೆದ ಟಿನ್‌ಟಿನ್‌ನ ಹಣೆಯ ಮೇಲೆ ಎದ್ದು ನಿಂತ ಕೂದಲ ಗುಚ್ಛ ಇಂದಿಗೂ ಪಾತ್ರವನ್ನು ಹಿಡಿದುಕೊಡುತ್ತದೆ. ನಮ್ಮ ಹುಡುಗಿಗೆ ಎರಡು ಕಿವಿಯ ಬಳಿ ಬಳೆಯಂತೆ ಮಡಿಸಿದ ಜಡೆಗಳೇ ಆ ಗುರುತು. ಅವುಗಳನ್ನು ನಿಜಕ್ಕಿಂತ ತುಸು ದೊಡ್ಡದಾಗಿ ಬರೆದರೆ ದೂರದ ಚೌಕದಲ್ಲೂ ಅವಳು ಕಳೆದುಹೋಗುವುದಿಲ್ಲ.

ಕರಡು: ತಪ್ಪುವುದಕ್ಕೆ ಇರುವ ಜಾಗ

ಕರಡಿನಲ್ಲಿ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಭಂಗಿ ಮಾತ್ರ. ತಲೆಯಿಂದ ಪಾದದವರೆಗೆ ದೇಹದ ಓಟವನ್ನು ತೋರುವ ಒಂದೇ ಬಾಗಿದ ಗೆರೆಯಿಂದ ಶುರುಮಾಡುತ್ತಾರೆ. ಸೈಕಲ್ ತುಳಿಯುವ ಹುಡುಗಿಯ ಮೈ ಒಂದು ಬದಿಗೆ ವಾಲಿರುತ್ತದೆ, ಸೈಕಲ್ ಇನ್ನೊಂದು ಬದಿಗೆ. ಈ ಎರಡು ಓರೆಗಳೇ ಚಿತ್ರದ ಜೀವ. ಇಲ್ಲಿ ನೇರ ನಿಲ್ಲಿಸಿಬಿಟ್ಟರೆ ಮುಂದೆ ಎಷ್ಟು ಬಣ್ಣ ಹಾಕಿದರೂ ಅವಳು ಚಲಿಸುವುದಿಲ್ಲ.

ಆ ಗೆರೆಯ ಮೇಲೆ ಘನಾಕೃತಿಗಳನ್ನು ಕೂರಿಸಬೇಕು: ತಲೆಗೆ ಗೋಲ, ಎದೆಗೂಡಿಗೆ ಮೊಟ್ಟೆಯಾಕಾರ, ಸೊಂಟಕ್ಕೆ ಪೆಟ್ಟಿಗೆ, ಕೈಕಾಲಿಗೆ ಕೊಳವೆ. ಎತ್ತರವನ್ನು ತಲೆಯ ಅಳತೆಯಲ್ಲೇ ಲೆಕ್ಕ ಹಾಕುತ್ತಾರೆ. ವಯಸ್ಕರ ನಿಜದ ಎತ್ತರ ಸುಮಾರು ಏಳೂವರೆ ತಲೆ; ಸೂಪರ್‌ಹೀರೋಗಳಿಗೆ ಎಂಟು ಅಥವಾ ಇನ್ನೂ ಹೆಚ್ಚು. ಹತ್ತು ವರ್ಷದ ಮಗುವಿಗೆ ಸುಮಾರು ಆರು ಎಂದು ಅಂಗರಚನೆಯ ಪಾಠ ಹೇಳಿದರೂ ಕಾಮಿಕ್ಸಿನಲ್ಲಿ ನಾಲ್ಕಕ್ಕೆ ಇಳಿಸುವುದುಂಟು. ತಲೆ ದೊಡ್ಡದಾದಷ್ಟೂ ಮುಖಭಾವಕ್ಕೆ ಜಾಗ ಹೆಚ್ಚು, ಪಾತ್ರ ಎಳೆಯದಾಗಿ ಕಾಣುತ್ತದೆ. ಯಾವ ಲೆಕ್ಕ ಆರಿಸಿದರೂ ಕಥೆಯ ಕೊನೆಯವರೆಗೂ ಅದೇ ನಡೆಯಬೇಕು.

ಮೊದಲ ಸುತ್ತು ಮುಗಿದ ಮೇಲೆ ಆ ಲೇಯರಿನ ಒಪಾಸಿಟಿಯನ್ನು, ಎಂದರೆ ಗಾಢತೆಯನ್ನು, ನೂರಕ್ಕೆ ಇಪ್ಪತ್ತು ಮೂವತ್ತಕ್ಕೆ ಇಳಿಸಿ, ಮೇಲೊಂದು ಹೊಸ ಲೇಯರ್ ತೆರೆದು ಎರಡನೇ ಸುತ್ತು ಬರೆಯಬೇಕು. ಕಣ್ಣು, ಬೆರಳು, ಲಂಗದ ಮಡಿಕೆ, ಚೀಲದ ಪಟ್ಟಿ ಇಲ್ಲಿ ಸ್ಪಷ್ಟವಾಗುತ್ತವೆ. ಪರದೆಯ ಮೇಲೆ ಹಿಗ್ಗಿಸಿಕೊಂಡು ಕಣ್ರೆಪ್ಪೆ ತಿದ್ದುತ್ತಾ ಕೂರುವ ಚಟ ಈ ಹಂತದಲ್ಲಿ ದೊಡ್ಡ ಶತ್ರು. ಇಡೀ ದೇಹ ಕಣ್ಣಿಗೆ ಕಾಣುವ ಅಳತೆಯಲ್ಲೇ ಕೆಲಸ ಸಾಗಬೇಕು.

ತಪ್ಪು ಹಿಡಿಯಲು ಸುಲಭದ ಉಪಾಯವೆಂದರೆ ಹಾಳೆಯನ್ನು ಎಡಬಲ ತಿರುಗಿಸಿ ನೋಡುವುದು. ಕ್ರಿಟಾದಲ್ಲಿ ಎಂ ಕೀಲಿ ಒತ್ತಿದರೆ ಕನ್ನಡಿಯ ಬಿಂಬದಂತೆ ಚಿತ್ರ ಮಗುಚುತ್ತದೆ. ಒಂದು ಕಣ್ಣು ಮೇಲೇರಿದ್ದು, ದವಡೆ ಜಾರಿದ್ದು ತಕ್ಷಣ ಕಣ್ಣಿಗೆ ಬೀಳುತ್ತವೆ. ಬರೆದವರ ಕಣ್ಣು ತನ್ನ ತಪ್ಪಿಗೆ ಬಹುಬೇಗ ಒಗ್ಗಿಬಿಡುವುದರಿಂದ ಈ ಪರೀಕ್ಷೆಯನ್ನು ಪದೇ ಪದೇ ಮಾಡಬೇಕು. ಕರಡಿನಲ್ಲಿ ತಿದ್ದಲು ನಿಮಿಷ ಸಾಕು. ಅದೇ ತಪ್ಪನ್ನು ಬಣ್ಣ ಹಾಕಿದ ಮೇಲೆ ತಿದ್ದಲು ಅರ್ಧ ದಿನ ಹೋಗುತ್ತದೆ.

ಮಾದರಿ ಹಾಳೆ

ಕರಡು ಒಪ್ಪಿಗೆಯಾದ ಮೇಲೆ ನೇರ ಮಸಿಗೆ ಹೋಗದೆ ಮಾದರಿ ಹಾಳೆ ಮಾಡಿಕೊಳ್ಳಬೇಕು. ಅದರಲ್ಲಿ ಪಾತ್ರವನ್ನು ಎದುರಿನಿಂದ, ಮುಕ್ಕಾಲು ತಿರುವಿನಿಂದ, ಪಕ್ಕದಿಂದ, ಹಿಂದಿನಿಂದ ಸಾಲಾಗಿ ನಿಲ್ಲಿಸುತ್ತಾರೆ. ನೆತ್ತಿ, ಕಣ್ಣು, ಗಲ್ಲ, ಭುಜ, ಸೊಂಟ, ಮಂಡಿ, ಪಾದ ಎಲ್ಲ ಚಿತ್ರಗಳಲ್ಲೂ ಒಂದೇ ಎತ್ತರದಲ್ಲಿ ಬರುವಂತೆ ಅಡ್ಡಗೆರೆಗಳನ್ನು ಎಳೆಯುತ್ತಾರೆ. ಕೆಳಗೆ ಮುಖಭಾವಗಳು: ಸಂತೋಷ, ಸಿಟ್ಟು, ಅಳು, ಬೆರಗು, ನಾಚಿಕೆ, ಸುಳ್ಳು ಹೇಳುವಾಗಿನ ಮುಖ. ಪಕ್ಕದಲ್ಲಿ ಕೈಗಳು, ಚಪ್ಪಲಿ, ಚೀಲ, ಸೈಕಲ್.

ಸಣ್ಣ ಪ್ರಶ್ನೆಗಳೆಲ್ಲ ಇಲ್ಲೇ ತೀರ್ಮಾನವಾಗಬೇಕು. ರಿಬ್ಬನ್ನಿನ ಗಂಟು ಕಿವಿಯ ಮೇಲೋ ಹಿಂದೋ? ಜೇಬು ಎಡಕ್ಕೋ ಬಲಕ್ಕೋ? ಲಂಗಕ್ಕೆ ಎಷ್ಟು ನೆರಿಗೆ? ಸಮಯ ಉಳಿಸಲೆಂದು ಹಳೆಯ ಚಿತ್ರವನ್ನು ನಕಲು ಮಾಡಿ ಮಗುಚಿದಾಗ ಎಡದ ಜೇಬು ಬಲಕ್ಕೆ ಹೋಗಿಬಿಡುತ್ತದೆ. ಮಾದರಿ ಹಾಳೆ ಎದುರಿಗಿದ್ದರೆ ಆ ತಪ್ಪು ಅಚ್ಚಿಗೆ ಹೋಗುವ ಮುಂಚೆ ಸಿಕ್ಕಿಬೀಳುತ್ತದೆ. ನೂರು ಸಲ ಬರೆಯಲಾಗದಷ್ಟು ವಿವರ ಕಂಡುಬಂದರೆ ಅದನ್ನು ತೆಗೆದುಹಾಕಲು ಕೂಡ ಇದೇ ಸಮಯ. ಲಂಗದ ಅಂಚಿಗೆ ಹೂಬಳ್ಳಿ ಚೆಂದವೇ. ಆದರೆ ಇಪ್ಪತ್ತನೇ ಪುಟದ ಹೊತ್ತಿಗೆ ಅದು ಕಲಾವಿದರನ್ನು ದಣಿಸುತ್ತದೆ, ಗೆರೆ ಕೆಡಿಸುತ್ತದೆ. ಒಂದು ಸಾದಾ ಪಟ್ಟಿ ಆ ಕೆಲಸವನ್ನು ಚೊಕ್ಕವಾಗಿ ಮಾಡಬಲ್ಲದು.

ಮಸಿಯ ಗೆರೆ

ಇಂಕಿಂಗ್ ಎಂದರೆ ಕರಡಿನ ಮೇಲೆ ತಿದ್ದುವುದಲ್ಲ. ಕರಡಿನಲ್ಲಿ ಒಂದು ತೋಳಿಗೆ ಐದು ಗೆರೆಗಳಿದ್ದರೆ ಅವುಗಳಲ್ಲಿ ಯಾವುದು ಸರಿ ಎಂದು ಆರಿಸಿ ಒಂದೇ ಗೆರೆ ಎಳೆಯುವ ನಿರ್ಧಾರ ಅದು. ಕರಡನ್ನು ಮಂಕು ನೀಲಿಯಾಗಿಸಿ ಮೇಲಿನ ಲೇಯರಿನಲ್ಲಿ ಕಪ್ಪು ಗೆರೆ ಎಳೆಯುತ್ತಾರೆ. ಸಣ್ಣ ಬಾಗುಗಳು ಮಣಿಕಟ್ಟಿನಿಂದ, ಉದ್ದನೆಯ ಗೆರೆಗಳು ಮೊಣಕೈ ಮತ್ತು ಭುಜದಿಂದ ಬರಬೇಕು. ಕೈಗೆ ಅನುಕೂಲವಾಗುವಂತೆ ಪರದೆಯ ಹಾಳೆಯನ್ನೇ ತಿರುಗಿಸಿಕೊಳ್ಳಬಹುದು.

ನಡುಗುವ ಕೈಗೆ ಆಸರೆಯಾಗಿ ತಂತ್ರಾಂಶಗಳಲ್ಲಿ ಸ್ಟೆಬಿಲೈಸರ್ ಇರುತ್ತದೆ. ಅದು ಪೆನ್ನಿನ ಓಟವನ್ನು ತುಸು ತಡವಾಗಿ ಹಿಂಬಾಲಿಸಿ ಸಣ್ಣ ಕಂಪನಗಳನ್ನು ನುಣುಪುಗೊಳಿಸುತ್ತದೆ. ಮಿತಿಮೀರಿ ಏರಿಸಿದರೆ ಮೊನಚಾದ ತಿರುವುಗಳೂ ಉರುಟಾಗಿ ಗೆರೆಯ ಜೀವ ಹೋಗುತ್ತದೆ. ಕ್ಲಿಪ್ ಸ್ಟುಡಿಯೋದ ವೆಕ್ಟರ್ ಲೇಯರಿನಲ್ಲಿ ಎಳೆದ ಗೆರೆಯ ದಪ್ಪವನ್ನು ಆಮೇಲೂ ಬದಲಿಸಬಹುದು, ಎರಡು ಗೆರೆ ಕೂಡುವಲ್ಲಿ ಮಿಕ್ಕ ಬಾಲವನ್ನು ಒಂದೇ ಸಲಕ್ಕೆ ಅಳಿಸಬಹುದು.

ಗೆರೆಯ ದಪ್ಪಕ್ಕೆ ಅರ್ಥವಿದೆ. ಹೊರ ಅಂಚು ದಪ್ಪ, ಒಳ ವಿವರ ತೆಳು. ಹತ್ತಿರದ್ದು ದಪ್ಪ, ದೂರದ್ದು ತೆಳು. ಬೆಳಕು ಬೀಳುವ ಕಡೆ ತೆಳು, ನೆರಳಿನ ಕಡೆ ದಪ್ಪ. ಗಲ್ಲದ ಕೆಳಗೆ, ಚೀಲ ಬೆನ್ನಿಗೆ ತಾಗುವಲ್ಲಿ, ಕಾಲು ಬಾರಿನ ಹಿಂದೆ ಮರೆಯಾಗುವಲ್ಲಿ ಗೆರೆ ತುಸು ಉಬ್ಬಿದರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಬಣ್ಣವಿಲ್ಲದೆಯೇ ತಿಳಿಯುತ್ತದೆ. ಇದಕ್ಕೆ ಪೂರ್ತಿ ಬೇರೆಯಾದ ದಾರಿ ಹೆರ್ಜೆಯದು: ಎಲ್ಲೆಡೆ ಹೆಚ್ಚುಕಡಿಮೆ ಒಂದೇ ದಪ್ಪದ ಶುಭ್ರ ಗೆರೆ, ಗೀರುಗಳ ನೆರಳೇ ಇಲ್ಲ. ಎರಡೂ ಒಳ್ಳೆಯವೇ. ಒಂದನ್ನು ಆರಿಸಿ ಕೊನೆಯವರೆಗೂ ಅದಕ್ಕೆ ನಿಷ್ಠರಾಗಿರುವುದು ಮುಖ್ಯ. ಎರಡು ಮೂರು ಕುಂಚದ ಗಾತ್ರಗಳನ್ನು ಗೊತ್ತುಮಾಡಿಕೊಂಡು ಅವುಗಳಲ್ಲೇ ಇಡೀ ಪುಸ್ತಕ ಬರೆದರೆ ಪುಟದಿಂದ ಪುಟಕ್ಕೆ ಗೆರೆ ಬೇರೆಯಾಗಿ ಕಾಣುವುದಿಲ್ಲ. ಕೊನೆಗೆ ಗಟ್ಟಿ ಕಪ್ಪು ತುಂಬುವ ಜಾಗಗಳನ್ನು ನಿರ್ಧರಿಸಬೇಕು: ಜಡೆ, ಸೀಟಿನ ಅಡಿ, ಟೈರು. ಈ ಕಪ್ಪುಗಳೇ ಚೌಕದೊಳಗೆ ಓದುಗರ ಕಣ್ಣನ್ನು ಪಾತ್ರದ ಮುಖಕ್ಕೆ ಕರೆತರುತ್ತವೆ.

ಬಣ್ಣ, ನೆರಳು, ಬೆಳಕು

ಮಸಿಯ ಕೆಳಗಿನ ಲೇಯರಿನಲ್ಲಿ ಮೊದಲು ಚಪ್ಪಟೆ ಬಣ್ಣ ತುಂಬುತ್ತಾರೆ. ಚರ್ಮ, ಕೂದಲು, ಅಂಗಿ, ಲಂಗ, ಚೀಲ ಒಂದೊಂದಕ್ಕೂ ಒಂದೇ ಬಣ್ಣ, ಮೃದು ಅಂಚಿಲ್ಲದೆ. ಅಂಚು ಗಡುಸಾಗಿದ್ದರೆ ಆಮೇಲೆ ಒಂದು ಕ್ಲಿಕ್ಕಿನಲ್ಲಿ ಇಡೀ ಲಂಗವನ್ನು ಆಯ್ದುಕೊಳ್ಳಬಹುದು. ಬಣ್ಣ ಕಪ್ಪು ಗೆರೆಯ ಕೆಳಕ್ಕೆ ಒಂದೆರಡು ಪಿಕ್ಸೆಲ್ ನುಗ್ಗಿರಬೇಕು. ಇಲ್ಲದಿದ್ದರೆ ಗೆರೆಯ ಪಕ್ಕದಲ್ಲಿ ಬಿಳಿ ಎಳೆ ಇಣುಕುತ್ತದೆ. ಅಮೆರಿಕದ ಕಾಮಿಕ್ಸ್ ಉದ್ಯಮದಲ್ಲಿ ಈ ಚಪ್ಪಟೆ ಬಣ್ಣ ತುಂಬುವುದೇ ಬೇರೊಬ್ಬರ ಕೂಲಿ ಕೆಲಸ. ಕ್ರಿಟಾದ ಕಲರೈಸ್ ಮಾಸ್ಕ್ ಬಳಸಿದರೆ ಒಂದೊಂದು ಭಾಗದೊಳಗೆ ಬಣ್ಣದ ಗೀರು ಎಳೆದರೆ ಸಾಕು, ಗೆರೆಗಳ ನಡುವಿನ ಜಾಗವನ್ನು ತಂತ್ರಾಂಶವೇ ತುಂಬುತ್ತದೆ.

ಬಣ್ಣದ ಆಯ್ಕೆಯಲ್ಲಿ ಜಿಪುಣತನ ಒಳ್ಳೆಯದು. ಐದಾರು ಬಣ್ಣ ಗೊತ್ತುಮಾಡಿ ಮಾದರಿ ಹಾಳೆಯ ಮೂಲೆಯಲ್ಲಿ ಚೌಕಗಳಾಗಿ ಇಟ್ಟರೆ ನೂರನೇ ಚೌಕದಲ್ಲೂ ಅದೇ ನೀಲಿ ಸಿಗುತ್ತದೆ. ಚಿತ್ರವನ್ನು ಒಮ್ಮೆ ಕಪ್ಪುಬಿಳುಪಿಗೆ ತಿರುಗಿಸಿ ನೋಡಬೇಕು. ಅಂಗಿ, ಮುಖ, ಹಿನ್ನೆಲೆ ಮೂರೂ ಒಂದೇ ಬೂದಾಗಿ ಕಂಡರೆ ಬಣ್ಣ ಎಷ್ಟು ಚೆಂದವಿದ್ದರೂ ಪಾತ್ರ ಹಿನ್ನೆಲೆಯಲ್ಲಿ ಮುಳುಗುತ್ತದೆ. ಚರ್ಮದ ಬಣ್ಣದಲ್ಲಿ ವಿಶೇಷ ಎಚ್ಚರ ಬೇಕು. ನಾಯಕರಿಗೆ ಬಿಳಿ ಮೈ, ಖಳರಿಗೆ ಕಪ್ಪು ಮೈ ಬಳಿದ ಹಳೆಯ ಭಾರತೀಯ ಚಿತ್ರಕಥೆಗಳು ಸಾಕಷ್ಟು ಟೀಕೆ ಎದುರಿಸಿವೆ. ಬಿಸಿಲಲ್ಲಿ ಸೈಕಲ್ ತುಳಿಯುವ ಹಳ್ಳಿ ಹುಡುಗಿ ಎಣ್ಣೆಗೆಂಪಾಗಿಯೇ ಇರಲಿ. ಆ ಬಣ್ಣದ ನೆರಳಿಗೆ ಕಪ್ಪು ಬೆರೆಸಿದರೆ ಚರ್ಮ ಬೂದಿ ಬಳಿದಂತಾಗುತ್ತದೆ. ಕೆಂಪು ಕಂದು ಬೆರೆಸಿದರೆ ಬೆಚ್ಚಗಿರುತ್ತದೆ.

ನೆರಳಿಗೆ ಹೊಸ ಲೇಯರ್ ತೆರೆದು ಅದನ್ನು ಮಲ್ಟಿಪ್ಲೈ ಕ್ರಮದಲ್ಲಿ ಇಡುತ್ತಾರೆ. ಇದರ ಲೆಕ್ಕ ಸರಳ. ಬಣ್ಣದ ಹೊಳಪನ್ನು ಸೊನ್ನೆಯಿಂದ ಒಂದರವರೆಗೆ ಎಣಿಸಿ ಮೇಲಿನದನ್ನೂ ಕೆಳಗಿನದನ್ನೂ ಗುಣಿಸಲಾಗುತ್ತದೆ. 0.8 ಹೊಳಪಿನ ಅಂಗಿಯ ಮೇಲೆ 0.5ರ ನೆರಳು ಬಿದ್ದರೆ ಸಿಗುವುದು 0.4. ಹಾಗಾಗಿ ಫಲ ಯಾವಾಗಲೂ ಮೊದಲಿನಷ್ಟೇ ಅಥವಾ ಅದಕ್ಕಿಂತ ಗಾಢ. ಬಿಳಿಯಿಂದ ಗುಣಿಸಿದರೆ ಏನೂ ಬದಲಾಗದು. ಸ್ಕ್ರೀನ್ ಕ್ರಮ ಇದಕ್ಕೆ ವಿರುದ್ಧ, ಬೆಳಕು ಏರಿಸಲು ಬಳಸುವಂಥದ್ದು. ಕ್ಲಿಪ್ಪಿಂಗ್ ಮಾಸ್ಕ್ ಹಾಕಿಕೊಂಡರೆ ನೆರಳಿನ ಕುಂಚ ಪಾತ್ರದ ಅಂಚು ದಾಟಿ ಹೊರಗೆ ಹರಿಯುವುದಿಲ್ಲ.

ಬೆಳಕು ಎಲ್ಲಿಂದ ಬರುತ್ತದೆಂದು ಮೊದಲು ಬಾಣದ ಗುರುತು ಹಾಕಿಕೊಳ್ಳಬೇಕು. ನೆರಳಿನಲ್ಲಿ ಎರಡು ಬಗೆ: ವಸ್ತು ತಾನೇ ಬೆಳಕಿಗೆ ಬೆನ್ನು ಹಾಕಿದ ಕಡೆ ಮೂಡುವುದು ಒಂದು, ಇನ್ನೊಂದರ ಮೇಲೆ ಬೀಳುವುದು ಮತ್ತೊಂದು. ಜಡೆಯ ನೆರಳು ಕೆನ್ನೆಯ ಮೇಲೆ, ಸೈಕಲ್ಲಿನ ನೆರಳು ರಸ್ತೆಯ ಮೇಲೆ ಬಿದ್ದಾಗಲೇ ಪಾತ್ರ ನೆಲಕ್ಕೆ ಕಾಲೂರುತ್ತದೆ. ಕೆಮ್ಮಣ್ಣಿನ ರಸ್ತೆಯಾದರೆ ಗಲ್ಲದ ಅಡಿಗೆ, ಬಿಳಿ ಅಂಗಿಯ ಕೆಳಭಾಗಕ್ಕೆ ಮಣ್ಣಿನ ಕೆಂಪು ತುಸು ಹೊಡೆದಿರುತ್ತದೆ. ಈ ಒಂದು ತಿದ್ದುಪಡಿ ಚಿತ್ರವನ್ನು ಊರಿಗೆ ಸೇರಿಸುತ್ತದೆ. ಕಾಮಿಕ್ಸಿಗೆ ಒಂದು ಹಂತದ ಗಡುಸು ನೆರಳು, ಹೆಚ್ಚೆಂದರೆ ಎರಡು ಹಂತ ಸಾಕು. ಇನ್ನೂ ನವಿರಾಗಿ ಬಳಿಯುತ್ತಾ ಹೋದರೆ ಮುಖಪುಟ ಚೆನ್ನಾಗಬಹುದು, ಒಳಪುಟಗಳು ಮುಗಿಯುವುದಿಲ್ಲ.

ಕನ್ನಡದ ಮಾತು, ಕೊನೆಯ ಫೈಲು

ಪಾತ್ರದ ಮಾತಿಗೂ ಚಿತ್ರದಷ್ಟೇ ಗಮನ ಸಲ್ಲಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸಾಲಂತರ ಇಲ್ಲಿ ಸಾಲದು. ವಿಭಕ್ತಿ ಸೇರಿ ಪದಗಳು ಉದ್ದವಾಗುವುದರಿಂದ ಮಾತಿನ ಗುಳ್ಳೆ ಅಗಲವಾಗಿರಬೇಕು, ಮತ್ತು ಅದರ ಜಾಗವನ್ನು ಕರಡಿನಲ್ಲೇ ಕಾದಿರಿಸಬೇಕು. ಎಕ್ ಟೈಪ್ ರೂಪಿಸಿದ ‘ಬಾಲೂ ತಮ್ಮ’ದಂಥ ದುಂಡನೆಯ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಹಳೆಯ ಎನ್‌ಕೋಡಿಂಗಿನ ಫಾಂಟಿನಲ್ಲಿ ಟೈಪಿಸಿದ ಮಾತು ಬೇರೆ ಕಂಪ್ಯೂಟರಿಗೆ ಹೋದಾಗ ಅರ್ಥವಿಲ್ಲದ ಚಿಹ್ನೆಗಳಾಗಿಬಿಡಬಹುದು. ‘ಟ್ರಿಣ್ ಟ್ರಿಣ್’, ‘ಧಡಾರ್’ ಮುಂತಾದ ಸದ್ದುಗಳನ್ನು ಮಾತ್ರ ಕೈಯಿಂದಲೇ ಬರೆಯುವುದು ಚೆಂದ, ಏಕೆಂದರೆ ಅವು ಚಿತ್ರದ ಭಾಗ.

ಪರದೆಯ ಬಣ್ಣ ಕೆಂಪು, ಹಸಿರು, ನೀಲಿ ಬೆಳಕಿನದು. ಅಚ್ಚಿನ ಬಣ್ಣ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಯದು. ಪರದೆಯಲ್ಲಿ ಹೊಳೆಯುವ ಹಸಿರು, ನೀಲಿಗಳು ಕಾಗದದಲ್ಲಿ ಮಂಕಾಗುತ್ತವೆ, ಆದ್ದರಿಂದ ಅಚ್ಚಿಗೆ ಕಳಿಸುವ ಮುಂಚೆ ಬದಲಿಸಿ ನೋಡಲೇಬೇಕು. ಗೆರೆಯನ್ನು ಕಪ್ಪು ಶಾಯಿ ಒಂದರಲ್ಲೇ ಇಟ್ಟರೆ ನಾಲ್ಕು ಶಾಯಿಗಳು ಸ್ವಲ್ಪ ಸರಿದರೂ ಅಂಚು ಚೊಕ್ಕವಾಗಿ ಉಳಿಯುತ್ತದೆ. ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಚಿತ್ರ ಬಿಡುವುದು ರೂಢಿ. ಅಚ್ಚಿಗೆ ಟಿಫ್ ಅಥವಾ ಪಿಡಿಎಫ್, ಅಂತರ್ಜಾಲಕ್ಕೆ ಪಿಎನ್‌ಜಿ. ಲೇಯರ್‌ಗಳಿರುವ ಮೂಲ ಫೈಲನ್ನು ಎರಡು ಬೇರೆ ಕಡೆ ಕಾಪಾಡಿಡಬೇಕು.

ಕಲಿಯುವವರಿಗೆ ಒಂದು ದೊಡ್ಡ ಅನುಕೂಲ ಇಂದು ತೆರೆದಿದೆ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ ಬರೆಯುತ್ತಿರುವ ‘ಪೆಪ್ಪರ್ ಅಂಡ್ ಕ್ಯಾರಟ್’, ಒಬ್ಬ ಎಳೆಯ ಮಾಟಗಾತಿ ಹಾಗೂ ಅವಳ ಬೆಕ್ಕಿನ ಕಥೆ. ಕ್ರಿಟಾದಲ್ಲಿ ಬರೆದ ಅದರ ಮೂಲ ಫೈಲುಗಳನ್ನು ಅವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನುರಿತ ಕಲಾವಿದರು ಪದರಗಳನ್ನು ಜೋಡಿಸುವ ಬಗೆಯನ್ನು ಯಾರು ಬೇಕಾದರೂ ಮನೆಯಲ್ಲೇ ತೆರೆದು ನೋಡಬಹುದು. ಚಿತ್ರ ಬರೆಯುವ ಕನ್ನಡದ ಮಕ್ಕಳು ಈ ಅವಕಾಶ ಬಳಸಿಕೊಂಡು ತಮ್ಮ ಬೀದಿಯ, ತಮ್ಮ ಶಾಲೆಯ ಪಾತ್ರಗಳನ್ನು ಬರೆಯಬೇಕು. ಬರೆದು ಮುಗಿಸಿದ ಮೇಲೆ ಮಾದರಿ ಹಾಳೆಯನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ಆ ಪಾತ್ರವನ್ನು ಹೊಸ ಭಂಗಿಯಲ್ಲಿ ಬರೆಯಲು ಹೇಳಲಿ. ಬಂದ ಚಿತ್ರದಲ್ಲಿ ಪಾತ್ರ ಗುರುತು ಸಿಕ್ಕರೆ ಕೆಲಸ ಗೆದ್ದಂತೆ. ಸಿಗದಿದ್ದರೆ ಬಣ್ಣವನ್ನಲ್ಲ, ಕರಡನ್ನೇ ಮತ್ತೆ ತೆರೆಯಬೇಕು.